ನೀರ ಮೇಲಿನ ಕಪ್ಪೆಗೆ ಯಾವ ದಾರ?

ಮೊಬೈಲ್‌ನಲ್ಲಿ ಮೀನು ಹಿಡಿಯೋ ವಿಡಿಯೋ ನೋಡೋ ಚಟ ಇದ್ದವರಿಗೆ ಬಾಸ್ ಅನ್ನೋ ಮೀನು ಹೊಸದೇನಲ್ಲ. ಉತ್ತರ ಅಮೆರಿಕದ ಕೆರೆಗಳಲ್ಲಿ ರಬ್ಬರ್ ಕಪ್ಪೆಯನ್ನೋ ಮರದ ಮೀನನ್ನೋ ನೀರ ಮೇಲೆ ಕುಣಿಸಿದರೆ, ಅದು ಕೆಳಗಿಂದ ಬಂದು ನೀರು ಒಡೆದು ಬಡಿಯುತ್ತೆ. ನೋಡೋಕೆ ಮಜಾ ಇದೆ. ಆದರೆ ಹೊಳಲಿನ ಹತ್ತಿರದ ತುಂಗಭದ್ರೆಯಲ್ಲಾಗಲಿ, ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರಿನ ಕೆರೆಗಳಲ್ಲಾಗಲಿ ಬಾಸ್ ಹುಡುಕೋಕೆ ಹೋದರೆ ಬರಿಗೈಲೇ ಬರಬೇಕು. ನಮ್ಮ ಕಡೆ ಅದೇ ಕೆಲಸ ಮಾಡೋ ಮೀನು ಬೇರೆ. ಕೊರವ ಅನ್ನಿ, ಕುಚ್ಚು ಅನ್ನಿ, ಮುರಲ್ ಅನ್ನಿ, ಊರೂರಿಗೆ ಹೆಸರು ಬದಲಾಗುತ್ತೆ. ಆಂಧ್ರ, ತೆಲಂಗಾಣದ ಕಡೆ ಅದೇ ಕೊರ್ರಮೀನು. ಹಾವಿನಂಥ ತಲೆ, ಉರುಟು ಮೈ, ಬಾಯಿ ತುಂಬ ಹಲ್ಲು. ವಿಜ್ಞಾನದ ಹೆಸರು ಚನ್ನಾ ಸ್ಟ್ರಯೇಟಾ. ಇದರ ದೊಡ್ಡ ದಾಯಾದಿ ಚನ್ನಾ ಮರುಲಿಯಸ್ ಹೊಳೆಯ ಆಳದ ಮಡುಗಳಲ್ಲಿ ಇರುತ್ತೆ.

ಕೊರವನಿಗೆ ಕಿವಿರು ಮಾತ್ರ ಸಾಲೋದಿಲ್ಲ. ತಲೆಯೊಳಗೆ ಕಿವಿರಿನ ಮೇಲ್ಗಡೆ ಗಾಳಿ ಹಿಡಿದಿಡೋ ಒಂದು ಕೋಣೆ ಇದೆ, ಆಗಾಗ ಮೇಲೆ ಬಂದು ಗುಳುಕ್ ಅಂತ ಗಾಳಿ ನುಂಗಲೇಬೇಕು. ಅದಕ್ಕೇ ಬೇಸಿಗೆಯಲ್ಲಿ ಕೆರೆ ಕೆಸರಾಗಿ ಬೇರೆ ಮೀನು ಸಾಯೋವಾಗಲೂ ಇದು ಬದುಕಿರುತ್ತೆ. ಗಾಳಿಗೆ ಅಂತ ಮೇಲೆ ಬರೋ ಮೀನಿಗೆ ನೀರ ಮೇಲಿನ ಬೇಟೆಯೂ ರೂಢಿಯಾಗಿದೆ. ಕಪ್ಪೆ, ಏರೋಪ್ಲೇನ್ ಚಿಟ್ಟೆ, ಕೆಲವೊಮ್ಮೆ ಇಲಿ. ಅಂತರಗಂಗೆ ಎಲೆಗಳ ಮಧ್ಯೆ ಒಂದು ಕಪ್ಪೆ ಟಪ್ ಅಂತ ಬಿದ್ದರೆ ಕೆಳಗಿರೋ ಕೊರವ ಸುಮ್ಮನಿರೋದು ಕಷ್ಟ.

ಕಾಲೇಜಿಗೆ ರಜೆ ಬಿದ್ದು ಊರಿಗೆ ಹೋದಾಗ ನಮ್ಮಲ್ಲಿ ಹಲವರು ಆನ್‌ಲೈನ್‌ನಲ್ಲಿ ರಾಡು, ರೀಲು, ರಬ್ಬರ್ ಕಪ್ಪೆ ಎಲ್ಲ ತರಿಸ್ತಾರೆ. ರಾಡಿಗೆ ನಾಲ್ಕು ದಿನ ಯೋಚನೆ, ಕಪ್ಪೆ ಬಣ್ಣಕ್ಕೆ ಎರಡು ದಿನ ಚರ್ಚೆ. ದಾರಕ್ಕೆ ಮಾತ್ರ 'ಏನೋ ಒಂದು ಹಾಕು'. ನಮ್ಮ ಪ್ರಕಾರ ಇದು ಉಲ್ಟಾ. ನಿಮಗೂ ಮೀನಿಗೂ ನಡುವೆ ಇರೋದು ದಾರ ಒಂದೇ. ಅದು ತಪ್ಪಾದರೆ ಮೀನು ತಪ್ಪಿಸಿಕೊಳ್ಳೋದು ಸಣ್ಣ ನಷ್ಟ. ಕಡಿದ ದಾರದ ಜೊತೆ ಬಾಯಲ್ಲಿ ಎರಡು ಮುಳ್ಳಿನ ಗಾಳ ಇಟ್ಟುಕೊಂಡು ಮೀನು ಓಡಿಹೋಗೋದು, ಉಳಿದ ಹತ್ತು ಮೀಟರ್ ದಾರ ಜೊಂಡಿನಲ್ಲಿ ವರ್ಷಗಟ್ಟಲೆ ನೇತಾಡೋದು, ಅದಕ್ಕೆ ನೀರುಕೋಳಿ ಕಾಲು ಸಿಕ್ಕಿಸಿಕೊಳ್ಳೋದು, ಇದು ದೊಡ್ಡ ನಷ್ಟ. ಆದ್ದರಿಂದ ದಾರದ ವಿಷಯ ಸ್ವಲ್ಪ ಬಿಡಿಸಿ ನೋಡೋಣ. ಎರಡನೇ ಸೆಮಿಸ್ಟರ್‌ನ ಮೆಕ್ಯಾನಿಕ್ಸ್, ಮಟೀರಿಯಲ್ ಸೈನ್ಸ್ ಸಾಕು, ಹೊಸ ಥಿಯರಿ ಏನೂ ಬೇಡ.

ಅಂಗಡಿಯಲ್ಲಿ ಸಿಗೋ ದಾರ ಮುಖ್ಯವಾಗಿ ಮೂರು ಜಾತಿ. ಮೊದಲನೆಯದು ನೈಲಾನ್. ನಮ್ಮ ಅಜ್ಜಂದಿರ ಕಾಲದಿಂದ ಗಾಳದ ದಾರ ಅಂದರೆ ಇದೇ. ಅಮೆರಿಕದ ಡುಪಾಂಟ್ ಕಂಪನಿಯಲ್ಲಿ ವ್ಯಾಲೇಸ್ ಕರಾಥರ್ಸ್ ತಂಡ 1935ರಲ್ಲಿ ಇದನ್ನ ಮೊದಲು ತಯಾರಿಸಿತು. ಎರಡನೆಯದು ಫ್ಲೋರೋಕಾರ್ಬನ್, ರಾಸಾಯನಿಕವಾಗಿ ಪಿವಿಡಿಎಫ್. ಜಪಾನಿನ ಕುರೇಹಾ ಕಂಪನಿ ಇದನ್ನ ಮೀನಿನ ದಾರವಾಗಿ ಮಾರುಕಟ್ಟೆಗೆ ತಂತು. ಮೂರನೆಯದು ಬ್ರೇಡ್, ಅಂದರೆ ಹೆಣೆದ ದಾರ. ಕೂದಲಿಗಿಂತ ತೆಳ್ಳಗಿನ ಪಾಲಿಎಥಿಲೀನ್ ಎಳೆಗಳನ್ನ ಜಡೆ ಹಾಕಿದ ಹಾಗೆ ಹೆಣೆದಿರುತ್ತಾರೆ. ಪಾಲಿಎಥಿಲೀನ್ ಅಂದ ತಕ್ಷಣ ಕಿರಾಣಿ ಅಂಗಡಿ ಕವರ್ ನೆನಪಾಗಬಹುದು. ಮೂಲ ವಸ್ತು ಅದೇ ಹೌದು. ಆದರೆ ಇದರಲ್ಲಿ ಅಣುಸರಪಳಿ ಬಹಳ ಬಹಳ ಉದ್ದ, ಮತ್ತೆ ಜೆಲ್ ರೂಪದಲ್ಲಿ ಎಳೆದು ಎಲ್ಲ ಸರಪಳಿಗಳನ್ನೂ ಒಂದೇ ದಿಕ್ಕಿಗೆ ನಿಲ್ಲಿಸಿರುತ್ತಾರೆ. ನೆದರ್ಲೆಂಡ್ಸ್‌ನ ಡಿಎಸ್‌ಎಂ ಕಂಪನಿಯಲ್ಲಿ 1970ರ ದಶಕದ ಕೊನೆಗೆ ಈ ವಿಧಾನ ರೂಪುಗೊಂಡಿತು. ಡೈನೀಮಾ ಅನ್ನೋ ಹೆಸರು ಕೇಳಿರಬಹುದು, ಅದೇ ಇದು. ಗುಂಡು ತಡೆಯೋ ಜಾಕೆಟ್ಟಿಗೂ ಇದೇ ನಾರು ಹೋಗುತ್ತೆ.

ನೀರ ಮೇಲಿನ ಲ್ಯೂರಿಗೆ ದಾರ ಆರಿಸೋವಾಗ ಮೊದಲು ಕೇಳಬೇಕಾದ ಪ್ರಶ್ನೆ 'ಎಷ್ಟು ಗಟ್ಟಿ' ಅನ್ನೋದಲ್ಲ, 'ತೇಲುತ್ತಾ ಮುಳುಗುತ್ತಾ' ಅನ್ನೋದು. ಸಾಪೇಕ್ಷ ಸಾಂದ್ರತೆ ನೋಡಿ. ನೀರು 1. ಬ್ರೇಡಿನ ಪಾಲಿಎಥಿಲೀನ್ ಸುಮಾರು 0.97. ನೈಲಾನ್ 1.14. ಫ್ಲೋರೋಕಾರ್ಬನ್ 1.78. ಅಂದರೆ ಬ್ರೇಡ್ ತೇಲುತ್ತೆ, ನೈಲಾನ್ ನಿಧಾನಕ್ಕೆ ಮುಳುಗುತ್ತೆ, ಫ್ಲೋರೋಕಾರ್ಬನ್ ಕಲ್ಲಿನ ಹಾಗೆ ಇಳಿಯುತ್ತೆ.

ಎಷ್ಟು ಅಂತ ಲೆಕ್ಕ ಹಾಕೋಣ. 0.30 ಮಿ.ಮೀ. ದಪ್ಪದ ದಾರ, ನೀರಲ್ಲಿ ಹತ್ತು ಮೀಟರ್ ಇದೆ ಅಂತಿಟ್ಟುಕೊಳ್ಳಿ. ಅದರ ಗಾತ್ರ ಸುಮಾರು 0.7 ಘನ ಸೆಂ.ಮೀ. ನೀರು ಎತ್ತೋ ಬಲ ಕಳೆದರೆ ಫ್ಲೋರೋಕಾರ್ಬನ್ನಿನ ತೂಕ 0.55 ಗ್ರಾಂ ಉಳಿಯುತ್ತೆ, ನೈಲಾನಿನದು 0.10 ಗ್ರಾಂ, ಬ್ರೇಡಿನದು ಸೊನ್ನೆಗಿಂತ ಕಡಿಮೆ. ಅರ್ಧ ಗ್ರಾಂ ಯಾವ ಲೆಕ್ಕ ಅನ್ನಬಹುದು. ಆದರೆ ಆ ಅರ್ಧ ಗ್ರಾಂ ಎಳೆಯೋದು ಲ್ಯೂರಿನ ಮೂಗಿನ ತುದಿಯನ್ನ. ಹತ್ತು ಗ್ರಾಂ ತೂಕದ ಪಾಪರ್ ಒಂದು, ಹಿಂದೆ ಸ್ವಲ್ಪ ಇಳಿದು ಮೂಗು ಮೇಲಕ್ಕೆತ್ತಿ ತೇಲೋ ಹಾಗೆ ಮಾಡಿರುತ್ತಾರೆ. ಜಗ್ಗಿದಾಗ ಅದರ ಬಟ್ಟಲಿನಂಥ ಬಾಯಿ ನೀರನ್ನ ಮುಂದಕ್ಕೆ ಚಿಮ್ಮಿಸಬೇಕು. ಮೂಗು ಕೆಳಕ್ಕೆ ಬಾಗಿದರೆ ಚಿಮ್ಮಿಸೋ ಬದಲು ಮುಳುಗು ಹಾಕುತ್ತೆ. ಹಾವಿನ ಹಾಗೆ ಎಡಕ್ಕೂ ಬಲಕ್ಕೂ ಓಲಾಡೋ ಲ್ಯೂರಿಗಂತೂ ದಾರ ಸಡಿಲಾಗಿ ನೀರ ಮೇಲೇ ಬಿದ್ದಿರಬೇಕು, ಇಲ್ಲಾಂದ್ರೆ ಅದು ತಿರುಗೋದೇ ಇಲ್ಲ. ಇನ್ನೊಂದು ಸಂಗತಿ. ಮುಳುಗಿದ ದಾರ ರಾಡಿನಿಂದ ಲ್ಯೂರಿಗೆ ನೇರವಾಗಿ ಹೋಗಲ್ಲ, ಕೆಳಗೆ ಜೋಲಿ ಬಿಟ್ಟು ಹೋಗುತ್ತೆ. ಮೀನು ಬಡಿದಾಗ ನೀವು ಜಗ್ಗಿದ್ದರಲ್ಲಿ ಮೊದಲ ಪಾಲು ಆ ಜೋಲಿಯನ್ನ ನೆಟ್ಟಗೆ ಮಾಡೋಕೇ ಖರ್ಚು.

ಹಾಗಾಗಿ ರೀಲು ತುಂಬ ಫ್ಲೋರೋಕಾರ್ಬನ್ ಸುತ್ತಿಕೊಂಡು ನೀರ ಮೇಲಿನ ಲ್ಯೂರ್ ಎಸೆಯೋದು ದುಡ್ಡು ಕೊಟ್ಟು ತೊಂದರೆ ತಂದುಕೊಂಡ ಹಾಗೆ. 'ಅದು ನೀರಲ್ಲಿ ಕಾಣೋದೇ ಇಲ್ಲ' ಅಂತ ಮಾರುತ್ತಾರೆ. ಅದರಲ್ಲಿ ಸ್ವಲ್ಪ ನಿಜ ಇದೆ. ನೀರಿನ ವಕ್ರೀಭವನ ಸೂಚ್ಯಂಕ 1.33, ಫ್ಲೋರೋಕಾರ್ಬನ್ನಿನದು 1.42, ನೈಲಾನಿನದು 1.53ರ ಆಸುಪಾಸು. ಆದರೆ ಈ ವಾದ ದಾರ ನೀರೊಳಗೆ ಇದ್ದಾಗ ಮಾತ್ರ. ನೀರ ಮೇಲ್ಪದರದಲ್ಲಿ ಬಿದ್ದ ದಾರ ಯಾವುದೇ ಆದರೂ ಕೆಳಗಿಂದ ನೋಡೋ ಮೀನಿಗೆ ಆಕಾಶದ ಎದುರು ಒಂದು ಗೆರೆಯಾಗಿ ಕಾಣುತ್ತೆ. ಮೇಲಾಗಿ ಮಳೆಗಾಲದ ತುಂಗಭದ್ರೆ ಕೆಂಪು ನೀರು. ಕೈ ಅದ್ದಿದರೆ ಬೆರಳೇ ಕಾಣಲ್ಲ, ದಾರ ಎಲ್ಲಿಂದ ಕಾಣಬೇಕು?

ಈಗ ಹಿಗ್ಗೋ ವಿಷಯ. ನಮಗೆ ಇದೇ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತೆ. ನೈಲಾನ್ ದಾರ ಕಡಿಯೋ ಮೊದಲು ತನ್ನ ಉದ್ದದ ಕಾಲು ಭಾಗದಷ್ಟು ಹಿಗ್ಗಬಲ್ಲದು. ಬ್ರೇಡ್ 4 ಶೇಕಡಾ ಹಿಗ್ಗಿದರೆ ಹೆಚ್ಚು. ಕಪ್ಪೆ ಲ್ಯೂರಿನ ಗಾಳ ದಪ್ಪ ತಂತಿಯದು, ಕೊರವನ ಬಾಯಿ ಎಲುಬು. ಗಾಳ ಒಳಕ್ಕೆ ಇಳಿಯೋಕೆ 2 ಕೆ.ಜಿ. ಬಲ ಬೇಕು ಅಂತಿಟ್ಟುಕೊಳ್ಳೋಣ. ಮೀನು ಇರೋದು 20 ಮೀಟರ್ ದೂರ. 20 ಪೌಂಡಿನ ನೈಲಾನ್ ಅಂದರೆ ಸುಮಾರು 9 ಕೆ.ಜಿ. ತಡೆಯೋ ದಾರ. ನೇರ ಅನುಪಾತ ಅಂತ ತಗೊಂಡರೆ 2 ಕೆ.ಜಿ.ಗೆ ಹಿಗ್ಗೋದು ಐದೂವರೆ ಶೇಕಡಾ. 20 ಮೀಟರಿಗೆ 1.1 ಮೀಟರ್. ಎರಡು ಮೀಟರ್ ಉದ್ದದ ರಾಡನ್ನ ನೀವು ಜೋರಾಗಿ ಎತ್ತಿದರೂ, ರಾಡು ಬಾಗೋದು ಕಳೆದರೆ ದಾರ ಹಿಂದಕ್ಕೆ ಬರೋದು ಒಂದು, ಒಂದೂವರೆ ಮೀಟರ್. ಅಂದರೆ ನಿಮ್ಮ ತಾಕತ್ತೆಲ್ಲ ದಾರವನ್ನ ಹಿಗ್ಗಿಸೋಕೇ ಹೋಯ್ತು. ಗಾಳ ಅಲ್ಲಾಡಿತೋ ಇಲ್ಲವೋ ದೇವರಿಗೇ ಗೊತ್ತು. 40 ಪೌಂಡಿನ ಬ್ರೇಡ್ 18 ಕೆ.ಜಿ. ತಡೆಯುತ್ತೆ. ಅದೇ 2 ಕೆ.ಜಿ.ಗೆ ಅದು 20 ಮೀಟರಿನಲ್ಲಿ ಹಿಗ್ಗೋದು 9 ಸೆಂ.ಮೀ. ನೈಲಾನಿನ ಹಿಗ್ಗುವಿಕೆ ಪೂರ್ತಿ ನೇರ ಅನುಪಾತದಲ್ಲಿ ಇರಲ್ಲ, ಇದು ಅಂದಾಜು ಮಾತ್ರ. ಆದರೂ ಒಂದಕ್ಕೆ ಹನ್ನೆರಡರ ವ್ಯತ್ಯಾಸ ಅಂದಾಜಿನಲ್ಲಿ ಮುಚ್ಚಿಹೋಗೋದಲ್ಲ.

ನಂಬಿಕೆ ಇಲ್ಲದವರು ಹಾಸ್ಟೆಲ್ ಕಾರಿಡಾರಿನಲ್ಲೇ ನೋಡಬಹುದು. 20 ಮೀಟರ್ ದಾರ ಅಳೆದು ಒಂದು ತುದಿಯನ್ನ ಕಂಬಕ್ಕೆ ಕಟ್ಟಿ. ಇನ್ನೊಂದು ತುದಿಗೆ ಲಗೇಜು ತೂಗೋ ಕೊಕ್ಕೆ ತಕ್ಕಡಿ ಸಿಕ್ಕಿಸಿ. ಮೊದಲು ಸುಮ್ಮನೆ ನೆಟ್ಟಗಾಗೋಷ್ಟು ಎಳೆದು ನೆಲದಲ್ಲಿ ಚಾಕ್‌ಪೀಸಿನ ಗುರುತು, ಆಮೇಲೆ 2 ಕೆ.ಜಿ. ತೋರಿಸೋವರೆಗೆ ಎಳೆದು ಇನ್ನೊಂದು ಗುರುತು. ನೈಲಾನ್ ಆದರೆ ಎರಡು ಗುರುತಿನ ನಡುವೆ ನೀವು ಕಾಲು ಚಾಚಿ ಕೂರಬಹುದು. ದಾರವನ್ನ ಒಂದು ಗಂಟೆ ನೀರಲ್ಲಿ ನೆನೆಸಿ ಮತ್ತೆ ಅಳೆದು ನೋಡಿ. ನೈಲಾನ್ ನೀರು ಕುಡಿಯೋ ಪ್ಲಾಸ್ಟಿಕ್, ನೆನೆದರೆ ಇನ್ನಷ್ಟು ಮೆತ್ತಗಾಗುತ್ತೆ, ಗಟ್ಟಿತನವೂ ಸ್ವಲ್ಪ ಇಳಿಯುತ್ತೆ. ಪಾಲಿಎಥಿಲೀನ್ ನೀರು ಮುಟ್ಟಲ್ಲ. ಅಂದಹಾಗೆ ಫ್ಲೋರೋಕಾರ್ಬನ್ ಹಿಗ್ಗೋದೇ ಇಲ್ಲ ಅನ್ನೋ ಮಾತು ಬಹಳ ಕಡೆ ಓಡಾಡ್ತಾ ಇದೆ. ಅದೂ ನೈಲಾನಿನ ಹಾಗೆ ಚೆನ್ನಾಗೇ ಹಿಗ್ಗುತ್ತೆ. ಅದರಿಂದ ಬೇರೆ ಉಪಯೋಗ ಇದೆ, ಈ ಉಪಯೋಗ ಇಲ್ಲ.

ಹಾಗಿದ್ರೆ ಕಣ್ಣು ಮುಚ್ಚಿ ಬ್ರೇಡ್ ಹಾಕೋದಾ? ಕಪ್ಪೆ ಲ್ಯೂರಿಗೆ ಹೌದು, ಎರಡು ಮಾತಿಲ್ಲ. ನಮ್ಮ ಕೆರೆಗಳ ಅಂಚು ನೋಡಿ. ಅಂತರಗಂಗೆ, ತಾವರೆ ಎಲೆ, ಜೊಂಡು, ಅದರಾಚೆ ನೀರಲ್ಲಿ ಅರ್ಧ ಮುಳುಗಿದ ಬಳ್ಳಾರಿ ಜಾಲಿ. ಕೊರವ ಬಡಿದ ಮರುಕ್ಷಣ ತಲೆ ತಗ್ಗಿಸಿ ಕಳೆಯೊಳಗೆ ನುಗ್ಗುತ್ತೆ. ಅಲ್ಲಿಂದ ಅದನ್ನ ಹೊರಗೆ ತರೋದು ಅಂದರೆ ಮೀನಿನ ಜೊತೆ ಮೂರು ಕೆ.ಜಿ. ಕಳೆಯನ್ನೂ ಎಳೆಯೋದು. ತೆಳ್ಳಗಿನ ಹೆಣೆದ ದಾರ ಎಲೆಯ ತೊಟ್ಟನ್ನ ಗರಗಸದ ಹಾಗೆ ಕೊಯ್ಯುತ್ತೆ. ದಪ್ಪ, ನುಣುಪಿನ ನೈಲಾನ್ ಕೊಯ್ಯಲ್ಲ, ಸುತ್ತಿಕೊಳ್ಳುತ್ತೆ. ಇಲ್ಲಿ 40ರಿಂದ 50 ಪೌಂಡಿನ ಬ್ರೇಡ್ ನಮ್ಮ ಆಯ್ಕೆ. 'ಎರಡು ಕೆ.ಜಿ. ಮೀನಿಗೆ ಇಪ್ಪತ್ತು ಕೆ.ಜಿ. ದಾರವಾ' ಅಂತ ನಗೋರು ಇರ್ತಾರೆ. ದಾರ ಮೀನಿನ ತೂಕಕ್ಕಲ್ಲ, ಕಳೆಯ ತೂಕಕ್ಕೆ. ಡಬ್ಬಿ ಮೇಲೆ ನಾಲ್ಕು ಎಳೆ, ಎಂಟು ಎಳೆ ಅಂತ ಬರೆದಿರುತ್ತೆ. ಎಂಟು ಎಳೆಯದು ನುಣುಪು, ದೂರ ಹೋಗುತ್ತೆ, ಗೈಡಿನಲ್ಲಿ ಸದ್ದು ಮಾಡಲ್ಲ. ನಾಲ್ಕು ಎಳೆಯದು ಒರಟು, ಬೆಲೆ ಕಡಿಮೆ, ಕಳೆ ಕೊಯ್ಯೋಕೆ ಅದೇ ವಾಸಿ. ಕೆರೆಯಂಚಿಗೆ ನಾಲ್ಕು ಎಳೆ ಸಾಕು.

ಕೆಲವು ಡಬ್ಬಿಗಳ ಮೇಲೆ ಪೌಂಡಿನ ಬದಲು ಪಿಇ 2, ಪಿಇ 3 ಅಂತ ಜಪಾನಿ ಅಳತೆ ಇರುತ್ತೆ. ಅದು ಗಟ್ಟಿತನ ಅಲ್ಲ, ದಪ್ಪ. ಪಿಇ 1 ಅಂದರೆ 0.165 ಮಿ.ಮೀ., ಪಿಇ 3 ಅಂದರೆ 0.285 ಮಿ.ಮೀ. ತುಂಬ ಅಗ್ಗದ ದಾರದ ಮೇಲೆ '0.20 ಮಿ.ಮೀ., 60 ಪೌಂಡ್' ಅಂತ ಕಂಡರೆ ಎರಡರಲ್ಲಿ ಒಂದು ಸುಳ್ಳು ಅಂತ ತಿಳ್ಕೊಳ್ಳಿ. ಸಾಮಾನ್ಯವಾಗಿ ಸುಳ್ಳಾಗೋದು ದಪ್ಪ. ಇದಕ್ಕೂ ಪರೀಕ್ಷೆ ಇದೆ. ಬಕೆಟ್ಟಿಗೆ ದಾರ ಕಟ್ಟಿ ನೆಲದಿಂದ ಒಂದು ಗೇಣು ಮೇಲೆ ನೇತುಹಾಕಿ, ಲೀಟರ್ ಲೀಟರ್ ನೀರು ಹಾಕ್ತಾ ಹೋಗಿ. ಒಂದು ಲೀಟರ್ ಒಂದು ಕೆ.ಜಿ., ಬಕೆಟ್ಟಿನ ತೂಕ ಸೇರಿಸಿಕೊಳ್ಳಿ. ಕಾಲು ಕೆಳಗಿಡಬೇಡಿ.

ಬಕೆಟ್ ಪರೀಕ್ಷೆ ಮಾಡಿದರೆ ಇನ್ನೊಂದು ವಿಷಯ ಗೊತ್ತಾಗುತ್ತೆ. ದಾರ ನಡುವೆ ಕಡಿಯೋದು ಅಪರೂಪ. ಕಡಿಯೋದು ಗಂಟಿನಲ್ಲಿ, ಅಥವಾ ಗಂಟೇ ಜಾರಿ ಬಿಚ್ಚಿಕೊಳ್ಳುತ್ತೆ. ಪಾಲಿಎಥಿಲೀನ್ ಭಾರೀ ಜಾರು ವಸ್ತು. ನೈಲಾನಿಗೆ ಹಾಕೋ ಐದು ಸುತ್ತಿನ ಮಾಮೂಲಿ ಗಂಟು ಬ್ರೇಡಿನಲ್ಲಿ ಸದ್ದಿಲ್ಲದೆ ಜಾರುತ್ತೆ. ಬ್ರೇಡಿಗೆ ಪಾಲೊಮಾರ್ ಗಂಟು ಕಲಿಯಿರಿ. ದಾರವನ್ನ ಎರಡು ಮಡಿಕೆ ಮಾಡಿ ಗಾಳದ ಕಣ್ಣಿನಲ್ಲಿ ತೂರಿಸಿ, ಮಡಿಕೆಯಲ್ಲೇ ಒಂದು ಸಾದಾ ಗಂಟು ಸಡಿಲಾಗಿ ಹಾಕಿ, ಆ ಕುಣಿಕೆಯೊಳಗಿಂದ ಇಡೀ ಲ್ಯೂರನ್ನ ದಾಟಿಸಿ, ಎರಡೂ ತುದಿ ಹಿಡಿದು ಬಿಗಿಯೋದು. ಬಿಗಿಯೋ ಮೊದಲು ನೀರಲ್ಲಿ ಒದ್ದೆ ಮಾಡಿ. ಒಣಗಿದ ದಾರ ಉಜ್ಜಿಕೊಂಡಾಗ ಬಿಸಿಯಾಗುತ್ತೆ. ನೈಲಾನ್ 220 ಡಿಗ್ರಿ ಮೇಲೆ ಕರಗಿದರೆ ಪಾಲಿಎಥಿಲೀನ್ 150 ಡಿಗ್ರಿ ಒಳಗೇ ಕರಗುತ್ತೆ. ಹಡಗಲಿ ಮಲ್ಲಿಗೆ ಮಾಲೆ ಕಟ್ಟೋರ ಕೈ ನೋಡಿದ್ದೀರಾ? ಬಾಳೆನಾರಾಗಲಿ ನೂಲಾಗಲಿ, ಒದ್ದೆ ಮಾಡದೆ ಅವರು ಕಟ್ಟೋದಿಲ್ಲ. ಅವರಿಗೆ ಯಾರೂ ಟ್ರೈಬಾಲಜಿ ಪಾಠ ಮಾಡಿಲ್ಲ.

ಬ್ರೇಡನ್ನ ಖಾಲಿ ಸ್ಪೂಲಿಗೆ ನೇರವಾಗಿ ಸುತ್ತಬೇಡಿ. ಅದೇ ಜಾರುತನದಿಂದ ಇಡೀ ಸುರುಳಿ ಸ್ಪೂಲಿನ ಮೇಲೆ ಗಿರ್ ಅಂತ ತಿರುಗುತ್ತೆ, ನೀವು ಡ್ರ್ಯಾಗ್ ಹಾಳಾಗಿದೆ ಅಂದುಕೊಳ್ತೀರಿ. ಕೆಳಗೆ ಹತ್ತು ಮೀಟರ್ ಅಗ್ಗದ ನೈಲಾನ್ ಹಾಕಿ ಅದರ ಮೇಲೆ ಬ್ರೇಡ್ ಕಟ್ಟಿ. ಸುತ್ತೋವಾಗ ಒದ್ದೆ ಬಟ್ಟೆಯಲ್ಲಿ ಹಿಡಿದು ಬಿಗಿಯಾಗಿ ಸುತ್ತಬೇಕು. ಸಡಿಲ ಸುತ್ತಿದರೆ ದೊಡ್ಡ ಮೀನು ಎಳೆದಾಗ ಮೇಲಿನ ಸುತ್ತು ಕೆಳಗಿನದರೊಳಗೆ ಹೂತುಕೊಂಡು, ಮುಂದಿನ ಎಸೆತಕ್ಕೆ ಲ್ಯೂರ್ ಅರ್ಧ ದಾರಿಯಲ್ಲೇ ನಿಲ್ಲುತ್ತೆ.

ಬಯಲು ನೀರಿನ ಕಥೆ ಬೇರೆ. ಹಮ್ಮಿಗಿ ಬ್ಯಾರೇಜಿನ ಹಿನ್ನೀರು, ಹೊಳೆಯ ಅಗಲವಾದ ಮಡು, ಕಳೆ ಇಲ್ಲದ ದೊಡ್ಡ ಕೆರೆ, ಇಂಥಲ್ಲಿ ಕಪ್ಪೆಗಿಂತ ಪಾಪರ್, ಓಲಾಡೋ ಲ್ಯೂರ್ ಕೆಲಸ ಮಾಡುತ್ತೆ. ಇವುಗಳಲ್ಲಿ ಹೊಟ್ಟೆಯ ಕೆಳಗೆ ಮೂರು ಕವಲಿನ ಗಾಳ ನೇತಾಡ್ತಿರುತ್ತೆ. ಬ್ರೇಡಿಗೆ ಬೆನ್ನೆಲುಬಿಲ್ಲ, ಒದ್ದೆ ನೂಲಿನ ಹಾಗೆ ಮೆತ್ತಗೆ. ಲ್ಯೂರ್ ಒಮ್ಮೆ ಎಡಕ್ಕೆ ತಿರುಗಿ ನಿಂತಾಗ ಮುಂದೆ ಬಿದ್ದ ಸಡಿಲ ಬ್ರೇಡ್ ಮುಂದಿನ ಗಾಳಕ್ಕೆ ಸುತ್ತಿಕೊಳ್ಳುತ್ತೆ. ಆಮೇಲೆ ಅದು ಹಿಂದುಮುಂದಾಗಿ ತೇಲ್ತಾ ಬರುತ್ತೆ. ಇದಕ್ಕೆ ಮದ್ದು, ಬ್ರೇಡಿನ ತುದಿಗೆ ಒಂದೂವರೆ ಅಡಿ ನೈಲಾನ್ ತುಂಡು. ನೈಲಾನ್ ಸ್ವಲ್ಪ ಬಿರುಸಾಗಿ ಮುಂದೆ ಚಾಚಿಕೊಂಡಿರುತ್ತೆ, ಗಾಳದಿಂದ ದೂರ ನಿಲ್ಲುತ್ತೆ. ಅಷ್ಟು ಚಿಕ್ಕ ತುಂಡಿನ ತೂಕ ಲ್ಯೂರಿಗೆ ಲೆಕ್ಕಕ್ಕಿಲ್ಲ, ಹಿಗ್ಗೋದೂ ಲೆಕ್ಕಕ್ಕಿಲ್ಲ. ಮುಖ್ಯ ದಾರ 20ರಿಂದ 30 ಪೌಂಡಿನ ಬ್ರೇಡ್ ಇದ್ದರೆ ತುದಿಗೆ 20 ಪೌಂಡಿನ ನೈಲಾನ್, ಎರಡನ್ನೂ ಸೇರಿಸೋಕೆ ಜೋಡಿ ಯೂನಿ ಗಂಟು. ಬ್ರೇಡಿನ ಕಡೆ ಎರಡು ಸುತ್ತು ಜಾಸ್ತಿ ಇರಲಿ.

ಈ ತುದಿಯ ತುಂಡಿಗೆ ಇನ್ನೆರಡು ಕೆಲಸ ಇದೆ. ಹೊಳೆಯಲ್ಲಿ ಬಂಡೆಗಳಿದ್ದರೆ ಬ್ರೇಡ್ ಬೇಗ ಸೋಲುತ್ತೆ. ನೂರಾರು ತೆಳ್ಳಗಿನ ನಾರು, ಕಲ್ಲಿನ ಅಂಚು ಒಂದೊಂದನ್ನೇ ಕೊಯ್ಯುತ್ತೆ. ಅದೇ ಅರ್ಧ ಮಿ.ಮೀ. ದಪ್ಪದ ಒಂದೇ ಎಳೆಯ ನೈಲಾನೋ ಫ್ಲೋರೋಕಾರ್ಬನ್ನೋ ಗೀರು ಬಿದ್ದರೂ ನಿಲ್ಲುತ್ತೆ. ಕೊರವನ ಹಲ್ಲಿಗೂ ಇದೇ ಮಾತು. ಎರಡನೇ ಕೆಲಸವನ್ನ ನಾವು ಹೆಚ್ಚು ಮುಖ್ಯ ಅಂತೀವಿ. ತುದಿಯ ತುಂಡು ಮುಖ್ಯ ದಾರಕ್ಕಿಂತ ಬಲ ಕಡಿಮೆಯದಾಗಿದ್ದರೆ, ಲ್ಯೂರ್ ಜಾಲಿಗೆ ಸಿಕ್ಕಿ ಕಡಿಯಲೇಬೇಕಾಗಿ ಬಂದಾಗ ಕಡಿಯೋದು ಅಲ್ಲೇ. ನೀರಲ್ಲಿ ಉಳಿಯೋದು ಗೇಣುದ್ದ, ಮೂವತ್ತು ಮೀಟರ್ ಅಲ್ಲ. ಸರ್ಕ್ಯೂಟಿನಲ್ಲಿ ಫ್ಯೂಸ್ ಇಟ್ಟ ಹಾಗೆ. ಹಾಗೇ ರೀಲಿನ ಡ್ರ್ಯಾಗನ್ನ ಅತ್ಯಂತ ಬಲ ಕಡಿಮೆಯ ಭಾಗದ ಕಾಲು ಭಾಗದಿಂದ ಮೂರರಲ್ಲಿ ಒಂದು ಭಾಗಕ್ಕೆ ಇಡಬೇಕು, ಅದೇ ಲಗೇಜು ತಕ್ಕಡಿಯಲ್ಲಿ ಅಳೆದು. ಕೈ ಅಂದಾಜು ನಂಬೋದು ಬೇಡ.

ಬ್ರೇಡ್ ಹಿಗ್ಗದೇ ಇರೋದಕ್ಕೆ ಒಂದು ಬೆಲೆಯೂ ಇದೆ. ಮೀನು ದಡದ ಹತ್ತಿರ ಬಂದು ತಲೆ ಒದರಿದಾಗ ಆ ಪೆಟ್ಟು ನೇರವಾಗಿ ಗಾಳದ ಮೇಲೆ ಬೀಳುತ್ತೆ, ತೂತು ದೊಡ್ಡದಾಗಿ ಗಾಳ ಕಳಚಿಕೊಳ್ಳುತ್ತೆ. ನೈಲಾನಿನಲ್ಲಿ ದಾರವೇ ಶಾಕ್ ಅಬ್ಸಾರ್ಬರ್. ಬ್ರೇಡಿನಲ್ಲಿ ಆ ಕೆಲಸ ರಾಡು ಮತ್ತು ಡ್ರ್ಯಾಗ್ ಮಾಡಬೇಕು. ಆದ್ದರಿಂದ ಪಾಪರಿಗೆ ತುದಿ ಮೆತ್ತಗಿರೋ ರಾಡು, ಕಪ್ಪೆಗೆ ಬಿರುಸಿನ ರಾಡು. ಬ್ರೇಡಿನಲ್ಲಿ ಇನ್ನೊಂದು ಅಪಾಯ, ಅವಸರ. ನೀರು ಒಡೆದದ್ದು ಕಂಡ ಕೂಡಲೇ ಜಗ್ಗಿದರೆ ಕಪ್ಪೆ ಮೀನಿನ ಬಾಯಿಂದ ಹೊರಗೆ ಹಾರಿ ನಿಮ್ಮ ಮುಖದ ಕಡೆಗೇ ಬರುತ್ತೆ. ಎರಡು ಎಣಿಸಿ, ದಾರದಲ್ಲಿ ಭಾರ ಗೊತ್ತಾದ ಮೇಲೆ ಜಗ್ಗಿ. ನೈಲಾನ್ ಬಳಸೋರಿಗೆ ಈ ತಡ ದಾರದಿಂದಲೇ ಪುಕ್ಕಟೆ ಸಿಗ್ತಿತ್ತು. ಕನ್ನಡಕವೋ ತಂಪು ಕನ್ನಡಕವೋ ಹಾಕ್ಕೊಳ್ಳಿ.

ದುಡ್ಡು ಒಂದೇ ದಾರಕ್ಕೆ ಮಾತ್ರ ಇದೆ ಅನ್ನೋರಿಗೆ ಏನು ಹೇಳೋದು? ಬ್ರೇಡಿನ ಬೆಲೆ ನೈಲಾನಿಗಿಂತ ಹಲವು ಪಟ್ಟು. ಬಯಲು ನೀರಲ್ಲಿ ಪಾಪರ್ ಮಾತ್ರ ಎಸೆಯೋರಿಗೆ 0.35 ಮಿ.ಮೀ. ಆಸುಪಾಸಿನ ನೈಲಾನ್ ಧಾರಾಳವಾಗಿ ಸಾಕು. 10, 15 ಮೀಟರಿನ ಒಳಗೆ ಎಸೆದರೆ ಹಿಗ್ಗೋ ಲೆಕ್ಕವೂ ಅರ್ಧಕ್ಕೆ ಇಳಿಯುತ್ತೆ. ನೈಲಾನ್ ಮುಳುಗುತ್ತೆ ಅಂದೆವಲ್ಲ, ನೀರಿನ ಮೇಲ್ಮೈ ಎಳೆತದಿಂದ ಎಸೆದ ಮೊದಲ ಸ್ವಲ್ಪ ಹೊತ್ತು ಅದೂ ತೇಲುತ್ತೆ. ಆದರೆ ಕಳೆಯೊಳಗೆ ಕಪ್ಪೆ ಎಸೆಯೋಕೆ ನೈಲಾನ್ ಬೇಡ. ದುಡ್ಡು ಕೂಡೋವರೆಗೆ ಆ ಜಾಗವನ್ನ ಬಿಟ್ಟುಬಿಡಿ. ಅಲ್ಲಿ ಕಡಿಯೋ ದಾರದ ಕೊನೆಯಲ್ಲಿ ಜೀವ ಇರುತ್ತೆ.

ಕೊಕ್ಕೆ ಸಿಕ್ಕಿಬಿದ್ದಾಗ ಬ್ರೇಡನ್ನ ಕೈಗೆ ಸುತ್ತಿ ಎಳೆಯೋ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಬೆಲ್ಟ್ ಡ್ರೈವ್ ಪಾಠದಲ್ಲಿ ಬರೋ ಲೆಕ್ಕವೇ ಇದು: ಒತ್ತಡ ಅಂದರೆ ಎಳೆತವನ್ನ ಬೆರಳಿನ ತ್ರಿಜ್ಯ ಮತ್ತು ದಾರದ ದಪ್ಪದ ಗುಣಲಬ್ಧದಿಂದ ಭಾಗಿಸೋದು. 10 ಕೆ.ಜಿ. ಎಳೆತ, 8 ಮಿ.ಮೀ. ತ್ರಿಜ್ಯದ ಬೆರಳು, 0.3 ಮಿ.ಮೀ. ದಾರ. ಚದರ ಸೆಂಟಿಮೀಟರಿಗೆ 400 ಕೆ.ಜಿ. ಮೇಲೆ ಬರುತ್ತೆ. ಅದು ಎಳೆಯೋದಲ್ಲ, ಕೊಯ್ಯೋದು. ಒಂದು ಗಟ್ಟಿ ಕೋಲಿಗೆ ನಾಲ್ಕು ಸುತ್ತು ಸುತ್ತಿ, ರಾಡನ್ನ ಪಕ್ಕಕ್ಕಿಟ್ಟು, ಮುಖ ತಿರುಗಿಸಿ ಹಿಂದಕ್ಕೆ ನಡೆಯಿರಿ. ಕಾರ್ಬನ್ ರಾಡು ವಿದ್ಯುತ್ ಹರಿಸುತ್ತೆ ಅನ್ನೋದೂ ನೆನಪಿರಲಿ. ನಮ್ಮ ಕಡೆ ಕೆರೆ ದಂಡೆಗುಂಟ ಪಂಪ್‌ಸೆಟ್ಟಿನ ಕರೆಂಟ್ ತಂತಿ ಜೋಲಿ ಬಿದ್ದಿರೋದು ಮಾಮೂಲು. ಎಸೆಯೋ ಮೊದಲು ಒಮ್ಮೆ ತಲೆ ಎತ್ತಿ ನೋಡಿ. ಹೊಳೆಯಲ್ಲಿ ಮರಳು ತೆಗೆದ ಗುಂಡಿಗಳಿರುತ್ತವೆ, ಮೊಣಕಾಲು ನೀರು ಅಂತ ಇಳಿದವರಿಗೆ ಮುಂದಿನ ಹೆಜ್ಜೆ ಸಿಗಲ್ಲ. ದಡದಿಂದಲೇ ಎಸೆಯಿರಿ.

ಎಲ್ಲಿ ಎಸೆಯಬಾರದು ಅನ್ನೋದೂ ದಾರದ ಆಯ್ಕೆಯಷ್ಟೇ ಮುಖ್ಯ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಪಕ್ಷಿಧಾಮ, 98.76 ಹೆಕ್ಟೇರಿನ ಕೆರೆ, 2024ರಲ್ಲಿ ರಾಮ್ಸರ್ ತಾಣವಾಯ್ತು. ನೀರಲ್ಲಿ ನಿಂತ ಜಾಲಿ ಮರಗಳ ಮೇಲೆ ಹಕ್ಕಿಗಳು ಗೂಡು ಕಟ್ಟುತ್ತವೆ. ಆ ಮರಕ್ಕೆ ಒಂದು ಬ್ರೇಡಿನ ಎಳೆ ಸಿಕ್ಕಿಕೊಂಡರೆ ಅದು ಮಳೆಗೂ ಕರಗಲ್ಲ, ಬಿಸಿಲಿಗೂ ಬೇಗ ಸಾಯಲ್ಲ. ಅಣೆಕಟ್ಟಿನ ಕೆಳಗೆ ಮುದ್ಲಾಪುರದಿಂದ ಕಂಪ್ಲಿ ಸೇತುವೆವರೆಗಿನ ಹೊಳೆ 2015ರಿಂದ ನೀರುನಾಯಿ ಸಂರಕ್ಷಣಾ ಪ್ರದೇಶ. ಇವೆರಡೂ ಕಡೆ ರಾಡು ಬಿಚ್ಚೋ ಮಾತೇ ಇಲ್ಲ. ಉಳಿದ ಕೆರೆಗಳಲ್ಲೂ ಮೀನು ಹಿಡಿಯೋ ಹಕ್ಕು ಹೆಚ್ಚಾಗಿ ಸಹಕಾರ ಸಂಘಕ್ಕೋ ಗುತ್ತಿಗೆದಾರರಿಗೋ ಹೋಗಿರುತ್ತೆ. ಮರಿ ಬಿಟ್ಟು ಸಾಕಿದವರು ಅವರು. ಕೇಳಿ ಎಸೆಯಿರಿ. ಕೇಳಿದರೆ ಯಾವ ಮೂಲೆಯಲ್ಲಿ ಕೊರವ ಇದೆ ಅಂತಲೂ ಹೇಳ್ತಾರೆ.

ಮಳೆಗಾಲದಲ್ಲಿ ಇನ್ನೊಂದು ನೋಟ ಸಿಗುತ್ತೆ. ನೀರ ಮೇಲೆ ಕೆಂಪು ಕಿತ್ತಳೆ ಬಣ್ಣದ ಸಣ್ಣ ಮರಿಗಳ ಗುಂಪು ಕುದಿಯೋ ಹಾಗೆ ಕದಲ್ತಾ ಇರುತ್ತೆ. ಅದರ ಕೆಳಗೇ ತಾಯಿತಂದೆ ಕಾವಲಿರುತ್ತವೆ. ಅಲ್ಲಿ ಕಪ್ಪೆ ಎಸೆದರೆ ಹಸಿವಿಗಲ್ಲ, ಸಿಟ್ಟಿಗೆ ಬಡಿಯುತ್ತವೆ. ಬಹಳ ಸುಲಭದ ಬೇಟೆ. ಕಾವಲಿನ ಮೀನು ದಡ ಹತ್ತಿದ ಮೇಲೆ ಆ ಮರಿಗಳಿಗೆ ಸಿಗೋದು ಬೇರೆ ಮೀನುಗಳ ಬಾಯಿ. ನಮ್ಮ ಗುಂಪಿನಲ್ಲಿ ಕೆಂಪು ಗುಂಪು ಕಂಡರೆ ರೀಲು ಸುತ್ತಿ ಮುಂದೆ ಹೋಗೋದು ಅಂತ ಕಟ್ಟಲೆ.

ಕೊನೆಗೆ ಹಳೇ ದಾರದ ವಿಷಯ. ನೈಲಾನನ್ನ ಬಿಸಿಲು ತಿನ್ನುತ್ತೆ. ವರ್ಷಕ್ಕೊಮ್ಮೆ ಬದಲಿಸಿ, ರಾಡನ್ನ ಬೈಕಿನ ಮೇಲೆ, ಛಾವಣಿ ಮೇಲೆ ಒಣಗೋಕೆ ಬಿಡಬೇಡಿ. ಬ್ರೇಡಿನ ಬಣ್ಣ ಹೋದರೆ ಗಾಬರಿ ಬೇಡ, ಬಣ್ಣ ಮೇಲಿನ ಲೇಪ ಅಷ್ಟೇ. ಬೆರಳಲ್ಲಿ ಸವರಿದಾಗ ಹತ್ತಿಯ ಹಾಗೆ ನಾರು ಎದ್ದಿದ್ದರೆ ಮಾತ್ರ ಆ ಭಾಗ ಕತ್ತರಿಸಿ. ಸಾಮಾನ್ಯವಾಗಿ ಸವೆಯೋದು ಮೇಲಿನ 30, 40 ಮೀಟರ್. ಅಡಿಯಲ್ಲಿರೋದು ನೀರನ್ನೇ ನೋಡಿರಲ್ಲ. ಇನ್ನೊಂದು ಖಾಲಿ ಸ್ಪೂಲಿಗೆ ಬಿಚ್ಚಿ, ಅಲ್ಲಿಂದ ಮತ್ತೊಂದಕ್ಕೆ, ಹೀಗೆ ತಲೆಕೆಳಗು ಮಾಡಿ ಸುತ್ತಿದರೆ ಅದೇ ದಾರ ಇನ್ನೊಂದು ಬಾಳು ಬಾಳುತ್ತೆ. ಕತ್ತರಿಸಿದ ತುಂಡುಗಳನ್ನ ದಡದಲ್ಲಿ ಬಿಸಾಡಬೇಡಿ. ಸುಡಲೂಬೇಡಿ. ಗೇಣಿಗಿಂತ ಚಿಕ್ಕದಾಗಿ ಕತ್ತರಿಸಿ ನೀರಿನ ಬಾಟಲಿಗೆ ತುಂಬಿ ಮುಚ್ಚಳ ಹಾಕಿ ಮನೆಗೆ ತನ್ನಿ. ಬ್ರೇಡ್ ಹಲ್ಲಿಗೂ ಉಗುರಿಗೂ ಬಗ್ಗಲ್ಲ, ಆದ್ದರಿಂದ ಹರಿತವಾದ ಕತ್ತರಿ ಒಂದು ಜೇಬಿನಲ್ಲಿರಲಿ. ಅದನ್ನ ಒಂದು ದಾರದಲ್ಲಿ ಸೊಂಟಕ್ಕೆ ಕಟ್ಟಿಕೊಳ್ಳಿ, ಕೆಸರಲ್ಲಿ ಬಿದ್ದ ಕತ್ತರಿ ಸಿಗೋದಿಲ್ಲ.